ಸಿತ್ತನಾ ಕಟ್ಟಿದ ಧಾಟಿ

ಒಮ್ದುರ್ಮಾನ್ ಪಟ್ಟಣದ ನಮ್ಮ ಓಣಿ ಸಿತ್ತನಾಳನ್ನು ಮೊದಲು ಕಂಡದ್ದು ಒಂದು ಮದುವೆಮನೆಯಲ್ಲಿ. ಮಣ್ಣಿನ ಮದ್ದಳೆಯನ್ನು ತೊಡೆಯ ಮೇಲಿರಿಸಿಕೊಂಡು ಮದುಮಗಳ ತಾಯಿಗೆ ಅವಳು ಮೊದಲೇ ಹೇಳಿದಳು: “‘ನೀಲಿ ದೋಣಿ’ ಒಂದನ್ನ ಬಿಟ್ಟು ಯಾವ ಹಾಡು ಬೇಕಾದ್ರೂ ಕೇಳಿ, ತಾಯಿ.”

ಊರಿಗೆಲ್ಲ ಬೇಕಾಗಿದ್ದುದು ಅದೇ ಹಾಡು. ಹುಡುಗಿಯೊಬ್ಬಳು ಕೆಣಕಿದಳು: “ಪಾಪ, ಅಜ್ಜಿಗೆ ಅದು ಬರಲ್ವೇನೋ.”

“ಬರಲ್ಲ ಕಣೇ. ನಿನ್ನ ಮದುವೆ ಹೊತ್ತಿಗೆ ಕಲಿತೇನು, ಗಂಡು ಸಿಕ್ಕಿದ್ರೆ,” ಎಂದಳು ಸಿತ್ತನಾ. ಹೆಂಗಸರು ನಕ್ಕರು. ಆ ಹಾಡಿನ ಧಾಟಿ ಕಟ್ಟಿದವಳೇ ಅವಳೆಂಬುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹಾಡಿನ ಮಾತು ಅವಳ ಗಂಡ ತಾಜುಸ್ಸಿರನದು. ಅವನು ಬರೆದ ಸಾಲುಗಳನ್ನು ಅವಳು ಕಾವಲಿಯ ಮೇಲೆ ಜೋಳದ ಹಿಟ್ಟು ಸವರುತ್ತ, ಗುನುಗಿ ಗುನುಗಿ ಹಾಡು ಮಾಡಿದ್ದಳು. ಕ್ಯಾಸೆಟ್ಟಿನ ವ್ಯಾಪಾರಿಗಳು ಅದನ್ನು ಮಾರಿ ಮಹಡಿ ಕಟ್ಟಿದರು; ಇವರ ಮನೆಯಲ್ಲಿ ಒಲೆ ಒಪ್ಪೊತ್ತು ಉರಿಯುತ್ತಿತ್ತು. ಹಾಡಿನ ಹಕ್ಕಿಗೊಂದು ಕಾಯಿದೆ ಬಂದಾಗ ಗಂಡಹೆಂಡಿರು ಕಚೇರಿಗೆ ಹೋದರು. “ಧಾಟಿ ಯಾರದು?” ಎಂದು ಗುಮಾಸ್ತ ಕೇಳಿದಾಗ ತಾಜುಸ್ಸಿರ ಹೆಂಡತಿಯ ಕಡೆ ನೋಡಿದ. ಅವಳು ಸೆರಗನ್ನು ಮುಖಕ್ಕೆಳೆದುಕೊಂಡಳು. “ಅವರದೇ ಅಂತ ಬರ್ಕೊಳ್ಳಿ. ಹೆಂಗಸರ ಗುನುಗಿಗೆ ಹೆಸರೇನು?” ನಮ್ಮಲ್ಲಿ ಮದುವೆಯ ಹಾಡುಗಳು ಹಾಗೆಯೇ, ಹೆಂಗಸರು ಕಟ್ಟುತ್ತಾರೆ, ನನ್ನದೆಂದು ಯಾರೂ ಹೇಳಿಕೊಳ್ಳುವುದಿಲ್ಲ.

ಮಕ್ಕಳಾಗಲಿಲ್ಲ. ತಾಜುಸ್ಸಿರ ಅವಳನ್ನು ಬಿಟ್ಟು ಬೇರೆ ಮದುವೆಯಾದ; ಕೆಲವು ವರ್ಷಗಳ ಮೇಲೆ ಕಾಲವಾದ. ಹಾಡು ಅವನ ಗಂಡುಮಕ್ಕಳ ಪಾಲಾಯಿತು. ಅಪ್ಪಣೆಯಿಲ್ಲದೆ ಯಾರೂ ಹಾಡಕೂಡದೆಂದು ಅವರು ಸಾರಿದರು. ಸಿತ್ತನಾ ಅದನ್ನು ತಪ್ಪೆನ್ನಲಿಲ್ಲ. ಕವಿಯ ಹಸಿವನ್ನು ಕಂಡವಳು ಅವಳು. ಆದರೆ ಹೋಗಿ ಅವರ ಅಪ್ಪಣೆ ಕೇಳಲು ಮನಸ್ಸು ಒಪ್ಪಲಿಲ್ಲ. ಒಬ್ಬಳೇ ಬಾಗಿಲು ಹಾಕಿಕೊಂಡು ಕುಳಿತಾಗಲೂ ಆ ಧಾಟಿ ಬಾಯಿಗೆ ಬಂದರೆ ನುಂಗಿಕೊಳ್ಳುತ್ತಿದ್ದಳು.

ಅವಳು ನಮ್ಮ ಓಣಿಗೆ ಬಂದ ಮೇಲೆ ಒಂದು ದಿನ ತಾಜುಸ್ಸಿರನ ಹಿರಿಯ ಮಗ ಮೊಅತಸಿಮ್ ಅವಳ ಮನೆಗೆ ಬಂದ. ಮೊಬೈಲ್ ಕಂಪನಿಯೊಂದು ರಿಂಗ್‌ಟೋನಿಗಾಗಿ ಹಾಡನ್ನು ಕೊಳ್ಳಲು ಹೊರಟಿತ್ತು; ಧಾಟಿ ಸಿತ್ತನಾಳದೆಂದು ಹಳೆಯ ವಾದ್ಯಗಾರನೊಬ್ಬ ಹೇಳಿದ್ದರಿಂದ ವ್ಯವಹಾರ ನಿಂತಿತ್ತು.

ಶುಂಠಿ ಕಾಫಿ ಬಗ್ಗಿಸಿಕೊಟ್ಟು ಅವಳು ಕೇಳಿದಳು: “ನಾನೇನು ಮಾಡ್ಬೇಕಪ್ಪ?”

“ಧಾಟಿ ಅಪ್ಪಂದೇ ಅಂತ ಹೇಳ್ಬೇಕು, ದೊಡ್ಡಮ್ಮ.”

“ಅಪ್ಪ ನಿಂಗೆ ಹಾಗಂತ ಹೇಳಿದ್ರಾ?”

ಅವನು ಬಟ್ಟಲಿನೊಳಗೆ ನೋಡಿದ. “ಇಲ್ಲ. ‘ಅವಳ ಗಂಟಲಿಲ್ದಿದ್ರೆ ನನ್ನ ಮಾತು ಕಾಗದದಲ್ಲೇ ಒಣಗ್ತಿತ್ತು’ ಅಂತಿದ್ರು.”

“ಇಷ್ಟು ವರ್ಷದಲ್ಲಿ ಯಾರಾದ್ರೂ ಬಂದು ಇದನ್ನ ಹೇಳಬಹುದಿತ್ತು,” ಎಂದಳು ಸಿತ್ತನಾ. ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದಳು. “ಒಂದ್ಸಲ ಸುಳ್ಳು ಹೇಳಿದ್ದಾಯ್ತು. ಇನ್ನೊಂದ್ಸಲ ನನ್ನಿಂದಾಗಲ್ಲ.”

“ಎಷ್ಟು ಕೇಳ್ತೀರಿ?”

“ಧಾಟಿಗೆ ನನ್ನ ಹೆಸರು. ಮದುವೆಮನೇಲಿ ಹಾಡೋಕೆ ಅಪ್ಪಣೆ. ಪಾಲು ಎಷ್ಟೂಂತ ಕಾಯಿದೇನೇ ಹೇಳ್ಲಿ.”

ಅವನು ಒಪ್ಪಿದ, ಒಪ್ಪದೆ ವಿಧಿಯಿರಲಿಲ್ಲ.

ಪಾಲು ಬರುತ್ತಿದೆ, ಮಣ್ಣಿನ ಗೋಡೆಯಿದ್ದ ಕಡೆ ಇಟ್ಟಿಗೆಯ ಗೋಡೆ ಎದ್ದಿದೆ. ಸಿತ್ತನಾ ಈಗ ಮದುವೆಗಳಲ್ಲಿ ‘ನೀಲಿ ದೋಣಿ’ ಹಾಡುತ್ತಾಳೆ. ಅದು ಒಬ್ಬರ ಹಾಡಲ್ಲ. ಅವಳೊಂದು ಸಾಲೆತ್ತಿದರೆ ಹಿಂದೆ ಕುಳಿತವರು ಮರುಸಾಲು ಕೊಡಬೇಕು. ಹಾಗೆ ಕೊಡುತ್ತಿದ್ದ ಗೆಳತಿಯರು ಒಬ್ಬೊಬ್ಬರಾಗಿ ಮಣ್ಣು ಸೇರಿದ್ದಾರೆ. ಮೊಬೈಲಿನಲ್ಲಿ ಕೇಳಿಸುವ ತುಣುಕಿಗೆ ಮರುಸಾಲೇ ಇಲ್ಲ. ಈಗಿನ ಹುಡುಗಿಯರು ಬಲ್ಲದ್ದು ಅಷ್ಟೇ. ಸಾಲು ಮುಗಿಸಿ ಅವಳು ಬಿಡುವು ಕೊಟ್ಟರೆ, ಹಾಡು ಮುಗಿಯಿತೆಂದು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ನಿಲ್ಲುವವರೆಗೆ ಅವಳು ಮದ್ದಳೆಯ ಮೇಲೆ ಬೆರಳಾಡಿಸುತ್ತಿರುತ್ತಾಳೆ. ಆಮೇಲೆ ತಗ್ಗಿದ ದನಿಯಲ್ಲಿ ಮರುಸಾಲನ್ನು ತಾನೇ ಹಾಡಿಕೊಂಡು ಮುಂದಿನದನ್ನು ಎತ್ತುತ್ತಾಳೆ.