ಚಹಾ ಮುಗಿಯುವವರೆಗೆ

ಮನೆಗೆ ಬಣ್ಣ ಹೊಡೆಸಲು ಲಾಫ್ಟ್ ಖಾಲಿ ಮಾಡುತ್ತಿದ್ದಾಗ ಹಳೆಯ ಬಿಸ್ಕತ್ತಿನ ಡಬ್ಬವೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಸಣ್ಣ ಸಣ್ಣ ಉಕ್ಕಿನ ಕಡ್ಡಿಗಳು, ಅವುಗಳ ಕೆಳಗೆ ಸಾಲಾಗಿ ತೂತು ಕೊರೆದ ಮರದ ಹಲಗೆ. ತುಕ್ಕು ಹಿಡಿಯಬಾರದೆಂದು ಆ ಕಡ್ಡಿಗಳಿಗೆ ಎಣ್ಣೆ ಸವರಿಡುತ್ತಿದ್ದವರು ನಮ್ಮ ಮೇಡಂ... ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟೆ. ಬಣ್ಣದವನು ಕರೆದು ಕರೆದು ಸಾಕಾಗಿ ಹೊರಗೆ ಹೋದ.

ಎಂಬತ್ತರ ದಶಕದ ಆರಂಭದ ಮಾತು. ನಾವು ವಿಜಾಪುರದ ಕಡೆಯವರು, ಮುಂಬಯಿ ಹತ್ತಿರದ ಡೊಂಬಿವಲಿಯ ಚಾಳಿನಲ್ಲಿದ್ದೆವು. ನಾನು ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಕಾರ್ಖಾನೆಗಳಲ್ಲಿ ಯಾವ ಕೆಲಸಕ್ಕೆ ಯಾರು ಒಗ್ಗುತ್ತಾರೆಂದು ನೋಡುವ ವೃತ್ತಿಯನ್ನೇ ಹಿಡಿಯುತ್ತೇನೆಂದು ಹಠ ಹಿಡಿದಿದ್ದೆ. ಹಾಗೊಂದು ವೃತ್ತಿ ಇದೆಯೆಂದು ಚಾಳಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಕಾಕೂ ಸಿಕ್ಕಾಗಲೆಲ್ಲ ಕಣ್ಣು ಮಿಟುಕಿಸಿ, ನನ್ನ ಮನಸ್ಸಿನಲ್ಲೇನಿದೆ ಹೇಳು ನೋಡೋಣ ಎಂದು ಕಾಡುತ್ತಿದ್ದರು. ಅಪ್ಪನಿಗಂತೂ ತಲೆಬಿಸಿ. “ಹುಚ್ಚರ ಡಾಕ್ಟರ್ ಆಗಾಕಿ ಏನವ್ವಾ ನೀ? ಸುಮ್ನ ಬ್ಯಾಂಕಿನ ಪರೀಕ್ಷಾಕ್ಕ ಕೂಡು” ಎನ್ನುತ್ತಿದ್ದರು. ನಾನು ಕೂಡಲಿಲ್ಲ.

ಕೊನೆಗೆ ಠಾಣೆ ಪಟ್ಟಣದ ಮಾಜಿವಾಡಾ ಬಳಿಯ ಕಾರ್ಖಾನೆಯೊಂದರ ಪರ್ಸೊನೆಲ್, ಅಂದರೆ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಟೆಲಿಫೋನಿನ ಚಿಕ್ಕ ಚಿಕ್ಕ ಭಾಗಗಳನ್ನು ಹೆಂಗಸರು ಕೈಯಿಂದ ಜೋಡಿಸುತ್ತಿದ್ದರು. ನನ್ನ ನೌಕರಿ ತಾತ್ಕಾಲಿಕ. ಪ್ರೊಬೇಶನ್ ಮುಗಿದಾಗ ಮ್ಯಾನೇಜರ್ ಸಾಹೇಬರು ಹೂಂ ಅಂದರೆ ಉಂಟು, ಇಲ್ಲವಾದರೆ ಮರಳಿ ಬ್ಯಾಂಕಿನ ಪರೀಕ್ಷೆ.

ನನ್ನನ್ನು ಪಳಗಿಸಲು ಕೊಟ್ಟದ್ದು ಮೇಡಂ ಕೈಗೆ. ಉಡುಪಿ ಕಡೆಯವರು, ಸಣಕಲು ದೇಹ, ದಪ್ಪ ಕನ್ನಡಕ. ಫೋನಿನಲ್ಲಿ ಮನೆಯವರ ಜೊತೆ ತುಳು, ಸಾಹೇಬರ ಹತ್ತಿರ ಇಂಗ್ಲಿಷು, ಕೆಲಸಕ್ಕೆ ಬಂದ ಹೆಂಗಸರ ಹತ್ತಿರ ಅಚ್ಚ ಮರಾಠಿ. ಮೊದಲ ದಿನವೇ ನನ್ನನ್ನು ಆ ಹಲಗೆಯ ಮುಂದೆ ಕೂರಿಸಿದರು. ಕಡ್ಡಿಗಳನ್ನು ಒಂದೊಂದಾಗಿ ತೂತಿಗೆ ಇಳಿಸಬೇಕು, ಎಷ್ಟು ಹೊತ್ತು ಹಿಡಿಯಿತೆಂದು ನೋಡಬೇಕು. ಬೆರಳುಗಳ ಚುರುಕು ಅಳೆಯುವ ಪರೀಕ್ಷೆ ಅದು. ನಾನು ಉಸಿರು ಬಿಗಿಹಿಡಿದು ಮುಗಿಸಿದೆ. “ಆಯ್ತು, ಇನ್ನು ಉಸಿರು ಬಿಡು ಮಾರಾಯ್ತಿ” ಎಂದು ನಕ್ಕರು. ಅಂದಿನಿಂದ ಕೆಲಸ ಕೇಳಿ ಬಂದವರಿಗೆ ಹೇಗೆ ಮಾಡಬೇಕೆಂದು ತೋರಿಸುವ ಕೆಲಸ ನನ್ನದು. ಮೇಡಂ ಕೈಗಳನ್ನು ಸೆರಗಿನಡಿ ಮಡಚಿಟ್ಟುಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದರು. ಅದು ಅವರ ಠೀವಿ ಅಂದುಕೊಂಡಿದ್ದೆ...

ಮೇಡಂ ಅವರದೊಂದು ಪದ್ಧತಿಯಿತ್ತು. ಯಾರೇ ಬರಲಿ, ಮೊದಲು ಕುರ್ಚಿ, ಆಮೇಲೆ ಚಹಾ. ಲೋಟ ಖಾಲಿಯಾಗುವವರೆಗೆ ಪರೀಕ್ಷೆಯ ಸುದ್ದಿಯಿಲ್ಲ, ಪ್ರಶ್ನೆಯೂ ಇಲ್ಲ. ನಾನು ಚಡಪಡಿಸಿದರೆ, “ಎಂತ ಅವಸರ ನಿಂಗೆ? ಅವಳು ಕುಡಿದಾಗಲಿ, ಮತ್ತೆ ಕೇಳು” ಎನ್ನುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿ ಕೂರಬೇಕೆಂದು ಕಲಿಸಿದವರೂ ಅವರೇ. ಕಾಲೇಜಿನಲ್ಲಿ ನನಗಿದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷ ದೊಡ್ಡ ಆರ್ಡರು ಬಂದು ಬಹಳ ಜನ ಬೇಕಾಯಿತು. ಸಾಹೇಬರು ಚಹಾ ನಿಲ್ಲಿಸಿದರು. ಗೇಟು ದಾಟಿದ ಕೂಡಲೇ ಪರೀಕ್ಷೆ ನಡೆಯಬೇಕೆಂದು ಹುಕುಂ. ಫಲಿತಾಂಶ ವಿಚಿತ್ರವಾಗಿ ಬಂತು. ಠಾಣೆಯವರೆಲ್ಲ ಚುರುಕು, ಡೊಂಬಿವಲಿ, ಕಲ್ಯಾಣ, ಅಂಬರನಾಥದಿಂದ ಬಂದವರ ಕೈಯಿಂದ ಕಡ್ಡಿ ಉರುಳಿ ಬೀಳುತ್ತಿತ್ತು. ಕಲ್ಯಾಣದ ಕಡೆಯವರ ಕೈಯೇ ನಿಧಾನ, ಇನ್ನು ಮುಂದೆ ಅವರನ್ನು ಕರೆಯುವುದೇ ಬೇಡ ಎಂದು ಸಾಹೇಬರು ತೀರ್ಮಾನಿಸಿದರು. ಸಾಹೇಬರು ಬರುತ್ತಿದ್ದದ್ದು ಕಾರಿನಲ್ಲಿ.

ನನಗೆ ಮೈ ಉರಿದುಹೋಯಿತು. ನಾನೂ ಆ ಹೆಂಗಸರ ಹಾಗೆ ದಿನಾ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಬರುವವಳು. ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಚೀಲ ಹಿಡಿದು ಠಾಣೆಯವರೆಗೆ ನಿಂತು, ಇಳಿಯುವಾಗ ಗುದ್ದಾಡಿ, ಮತ್ತೆ ಬಸ್ಸಿನಲ್ಲಿ ಜೋತುಬಿದ್ದು ಬಂದರೆ ಬೆರಳಿಗೆ ಬೆರಳು ಕೂಡುವುದಿಲ್ಲ. ನಾವು ಅಳೆಯುತ್ತಿದ್ದದ್ದು ಕೈಯ ಚುರುಕನ್ನಲ್ಲ, ಆ ಗಾಡಿಯ ಗರ್ದಿಯನ್ನು. ಮೇಡಂ ಬಳಿ ಓಡಿದೆ. “ಗೊತ್ತುಂಟು. ಸಾಹೇಬರಿಗೆ ನೀನೇ ಹೇಳು” ಅಂದರು.

“ನಾನು ಪ್ರೊಬೇಶನ್‌ನಾಗ ಇದ್ದೀನ್ರೀ ಮೇಡಂ. ನೀವು ಹೇಳ್ರೀ.”

“ನಾಳೆ ನಾನಿಲ್ಲದಿದ್ದರೆ ಯಾರು ಹೇಳುವುದು? ನಡಿ.”

ಮೇಡಂ ಜೊತೆ ಸಾಹೇಬರ ಕೋಣೆಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅದೇ ಹೆಂಗಸರನ್ನು ಮತ್ತೆ ಕರೆಯಿರಿ, ಕೂರಿಸಿ, ಕೈಗೆ ಬಿಸಿ ಲೋಟ ಕೊಟ್ಟು, ಆಮೇಲೆ ಪರೀಕ್ಷೆ ಮಾಡೋಣ ಅಂದೆ. ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಫಲಿತಾಂಶ ಬದಲಾಗದಿದ್ದರೆ ಈ ಪರೀಕ್ಷೆಯೂ ಬೇಡ, ನೀವೂ ಬೇಡ ಅಂದರು. ಆಗಲಿ ಸರ್ ಅಂದೆ. ಮೇಡಂ ಇಷ್ಟೂ ಹೊತ್ತು ಒಂದು ಮಾತೂ ಆಡಲಿಲ್ಲ. ಆಗ ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು.

ಆ ಹೆಂಗಸರು ಮತ್ತೆ ಬಂದರು. ಚಹಾ ಕುಡಿದರು. ಗಾಡಿಯಲ್ಲಿ ಸೀಟು ಸಿಕ್ಕಿತೋ ಇಲ್ಲವೋ ಎಂದು ತಮ್ಮತಮ್ಮಲ್ಲೇ ಹರಟಿದರು. ಆಮೇಲೆ ಕಡ್ಡಿಗಳು ಪಟಪಟನೆ ತೂತು ಸೇರತೊಡಗಿದವು. ಎಲ್ಲರದೂ ಅಲ್ಲ, ಕೆಲವರದು ಮೊದಲಿನಷ್ಟೇ ನಿಧಾನ. ಅದನ್ನೂ ಸಾಹೇಬರ ಮುಂದೆ ಮುಚ್ಚಿಡದೆ ಹೇಳಿದೆ. ಅವರು ಚಹಾದ ಖರ್ಚನ್ನು ಕ್ಯಾಂಟೀನಿನ ಲೆಕ್ಕಕ್ಕೆ ಹಾಕಿ ಎಂದು ಮೇಡಂಗೆ ಹೇಳಿ ಎದ್ದುಹೋದರು. ಕಲ್ಯಾಣದ ಕಡೆಯವರು ಕೆಲಸಕ್ಕೆ ಸೇರಿದರು. ನನ್ನ ನೌಕರಿಯೂ ಪಕ್ಕಾ ಆಯಿತು.

ಕೆಲವೇ ತಿಂಗಳಲ್ಲಿ ಮೇಡಂ ರಾಜೀನಾಮೆ ಕೊಟ್ಟರು. ಕಾರಣ ಹೇಳಲಿಲ್ಲ. ಹಲಗೆ ಇದ್ದ ಡಬ್ಬವನ್ನು ನನ್ನ ಮೇಜಿನ ಮೇಲಿಟ್ಟು, ಎಣ್ಣೆ ಸವರಲು ಮರೆಯಬೇಡ ಅಂದರು, ಅಷ್ಟೇ.

ಮುಂದಿನ ವರ್ಷ ವಾಶಿಯ ಅವರ ಮನೆಗೆ ಹೋಗಿದ್ದೆ. ಆ ದಿನ ಸಾಹೇಬರ ಮುಂದೆ ನನ್ನನ್ನೇಕೆ ಒಂಟಿಯಾಗಿ ಬಿಟ್ಟಿರೆಂದು ಕೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅವರ ಸೊಸೆ ಚಹಾ ತಂದರು. ಮೇಡಂ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. ಆ ಕೈಗಳು ಗಡಗಡ ನಡುಗುತ್ತಿದ್ದವು. ಚಹಾ ಸೀರೆಯ ಮೇಲೆ ತುಳುಕಿತು. ಮೊದಲಿನಿಂದಲೂ ಇದ್ದ ಕಾಯಿಲೆಯಂತೆ, ಈಗ ಜೋರಾಗಿದೆಯಂತೆ. ಸೆರಗಿನಡಿ ಮಡಚಿಟ್ಟ ಕೈಗಳು ಕಣ್ಣ ಮುಂದೆ ಬಂದವು. ಕಡ್ಡಿ ಇಳಿಸುವುದನ್ನು ಮೊದಲ ದಿನವೇ ನನ್ನ ಕೈಯಲ್ಲಿ ಏಕೆ ಮಾಡಿಸಿದರೆಂದು, ಸಾಹೇಬರ ಮುಂದೆ ನನ್ನ ಬಾಯಲ್ಲೇ ಏಕೆ ಹೇಳಿಸಿದರೆಂದು ಗೊತ್ತಾಯಿತು. ನಾನು ಸುಮ್ಮನೆ ಕೂತೆ. ಬಹಳ ಹೊತ್ತಿನ ಮೇಲೆ ಲೋಟ ಖಾಲಿಯಾಯಿತು.

“ಈಗ ಕೇಳು” ಅಂದರು.

ಕೇಳಲು ಏನೂ ಉಳಿದಿರಲಿಲ್ಲ. ಅವರ ಕೈಗಳನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಆಮೇಲೆ ಹೆಚ್ಚು ದಿನ ಅವರು ಉಳಿಯಲಿಲ್ಲ...

ಇವತ್ತು ಬಣ್ಣದವನು ಮನೆಗೆ ಹೋದ ಮೇಲೆ ಚಹಾ ಮಾಡಿಕೊಂಡು ಪೂರ್ತಿ ಕುಡಿದೆ. ನಂತರ ಹಲಗೆಯನ್ನು ಮೇಜಿನ ಮೇಲಿಟ್ಟು, ಕಡ್ಡಿಗಳನ್ನು ಬಟ್ಟೆಯಿಂದ ಒರೆಸಿ, ಒಂದೊಂದಾಗಿ ಇಳಿಸುತ್ತ ಹೋದೆ. ನನ್ನ ಕೈ ಈಗ ನಿಧಾನವಾಗಿದೆ, ಆದರೂ ಬಿಡಲಿಲ್ಲ. ಕೊನೆಯ ಕಡ್ಡಿ ಇಳಿಸಿ ತಲೆಯೆತ್ತಿದಾಗ ಉಸಿರು ಬಿಗಿಹಿಡಿದೇ ಇದ್ದೆ. ಬಿಡು ಮಾರಾಯ್ತಿ ಎನ್ನಲು ಮೇಡಂ ಇರಲಿಲ್ಲ.