ಸೆಂಟರ್ ಫೀಲ್ಡಿಗೆ ಆರಿಸಿದ ಗ್ಲೌಸ್

ನಮ್ಮ ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಒಂಬತ್ತು ಹುಡುಗಿಯರಿಗೆ ಐದು ಗ್ಲೌಸ್ ಇದ್ದವು. ದೊಡ್ಡಬಳ್ಳಾಪುರದಿಂದ ಸಾಸಲು ಕಡೆಗೆ ಹೋಗುವ ದಾರಿಯಲ್ಲಿರುವ ಸರ್ಕಾರಿ ಪ್ರೌಢಶಾಲೆ ನಮ್ಮದು. ಅಲ್ಲಿ ಕ್ರಿಕೆಟ್ ಹುಡುಗರ ಪಾಲಾಗಿತ್ತು. ಬೇಸ್‌ಬಾಲ್ ಎಂಬ ಆಟ ನಮಗೆ ಗೊತ್ತಾದದ್ದು ಪಿ.ಟಿ. ಮಿಸ್ ಬಂದ ಮೇಲೆಯೇ. ಅವರು ಅತಿಥಿ ಶಿಕ್ಷಕಿ, ಕಾಲೇಜಿನಲ್ಲಿ ಈ ಆಟ ಆಡಿದವರು. ಓಡುವುದು ಚೆನ್ನಾಗಿದೆ ಎಂದು ಒಂಬತ್ತನೇ ತರಗತಿಯಲ್ಲೇ ನನ್ನನ್ನು ಸೆಂಟರ್ ಫೀಲ್ಡಿನಲ್ಲಿ ನಿಲ್ಲಿಸಿದರು. ಒಳಗೆ ನಿಂತವರ ತಲೆಯ ಮೇಲಿಂದ ಹಾರಿ ಬರುವ ಚೆಂಡೆಲ್ಲ ನನ್ನದು.

ಒಳ್ಳೆಯ ಮೂರು ಗ್ಲೌಸ್ ಬೇಸ್ ಹತ್ತಿರ ನಿಲ್ಲುವವರಿಗೆ ಹೋಗುತ್ತಿದ್ದವು. ಹಿಂದೆ ನಿಲ್ಲುವ ನಮಗೆ ಉಳಿದೆರಡು. ನನಗೆ ಸಿಗುತ್ತಿದ್ದ ಗ್ಲೌಸಿನಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಬಲೆ ಹರಿದುಹೋಗಿ, ಯಾರೋ ಅದನ್ನು ಶೂ ಲೇಸಿನಿಂದ ಕಟ್ಟಿದ್ದರು.

ಅಭ್ಯಾಸ ಮುಗಿದ ಮೇಲೆ ದಿನವೂ ಡೈರಿಯಲ್ಲಿ ಬರೆದಿಡುವುದು ನನ್ನ ರೂಢಿ. ನನ್ನ ಕಡೆಗೆ ಬಂದ ಚೆಂಡೆಷ್ಟು, ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು, ಬಿಟ್ಟಿದ್ದರೆ ಯಾಕೆ. ಹತ್ತನೇ ತರಗತಿಯ ಜೂನ್ ತಿಂಗಳ ಕೊನೆಗೆ ಕೂಡಿ ನೋಡಿದೆ. ಬಿಟ್ಟ ಹದಿನೇಳರಲ್ಲಿ ಹನ್ನೊಂದು ಗ್ಲೌಸಿಗೆ ಬಂದು ಬಿದ್ದು, ಆ ಬಲೆಯಿಂದ ತೂರಿ ಹೋಗಿದ್ದವು. ಧೈರ್ಯ ಮಾಡಿ ಮಿಸ್‌ಗೆ ತೋರಿಸಿದೆ.

"ಇದೇನೇ ಇದು, ಹಾಲಿನ ಡೈರಿಯೋರು ಬರ್ದಂಗೆ ಬರ್ದಿದೀಯ!" ಎಂದು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಪುಟ ತಿರುಗಿಸಿ ಪೂರ್ತಿ ಓದಿದರು. "ಹನ್ನೊಂದು ಬಾಲು ನಿನ್ ತಪ್ಪಲ್ಲ. ನಿಂಗೊಂದು ಸರಿಯಾದ ಗ್ಲೌಸ್ ಬೇಕು ಕಣೇ."

ನನ್ನ ಬರಹವನ್ನು ಅಷ್ಟು ಗಮನವಿಟ್ಟು ಓದಿದವರು ಅವರೇ ಮೊದಲು. ಅಂದಿನಿಂದ ಅವರು ಏನು ಹೇಳಿದರೂ ನಾನು ನಂಬಿದೆ.

ಹತ್ತಿರದ ಕಾರ್ಖಾನೆಯೊಂದರವರು ಶಾಲೆಗೆ ಆಟದ ಸಾಮಾನು ಕೊಡಿಸಲು ಒಪ್ಪಿದ್ದರು. ಜುಲೈ ಎರಡನೇ ಶನಿವಾರ, ಮಧ್ಯಾಹ್ನದ ಮೇಲೆ, ಮಿಸ್ ನನ್ನೊಬ್ಬಳನ್ನೇ ಬೆಂಗಳೂರಿಗೆ ಕರೆದುಕೊಂಡು ಹೋದರು. ಮನೆಯಲ್ಲಿ ಅಪ್ಪ ಒಪ್ಪಿದ್ದು ಮಿಸ್ ಜೊತೆಗಿರುತ್ತಾರೆ ಎಂಬ ಒಂದೇ ಕಾರಣಕ್ಕೆ. "ಅವರಿದ್ರೆ ಹೋಗು, ಇಲ್ದಿದ್ರೆ ಆಟನೂ ಬೇಡ, ಪಾಠನೂ ಬೇಡ" ಎಂದಿದ್ದರು.

ಮೆಜೆಸ್ಟಿಕ್ ಹತ್ತಿರದ ಆ ಅಂಗಡಿಯ ತುಂಬ ಕ್ರಿಕೆಟ್ ಬ್ಯಾಟು. ಬೇಸ್‌ಬಾಲ್ ಗ್ಲೌಸ್ ಮೇಲಿನ ಹಲಗೆಯಲ್ಲಿ ಧೂಳು ಹಿಡಿದ ಪ್ಲಾಸ್ಟಿಕ್ ಚೀಲಗಳಲ್ಲಿದ್ದವು. ಅಂಗಡಿಯ ಸಾಹೇಬರು ಏಣಿ ಹತ್ತಿ ಒಂದೊಂದಾಗಿ ಇಳಿಸಿದರು.

"ಇದು ತಗೊಳ್ಳಿ ಮೇಡಂ, ರೆಕ್ಸಿನ್. ಹತ್ತಿ ಥರ ಮೆತ್ತಗಿದೆ. ಇವತ್ತೇ ಆಡ್ಬೋದು."

"ಇವತ್ತೇ ಆಡಿ ನಾಳೆ ಬಿಸಾಕ್ಬೇಕು ಸಾಹೇಬ್ರೇ. ಲೆದರ್ ತೆಗೀರಿ."

ಸಾಹೇಬರು ನನ್ನ ಕಡೆ ನೋಡಿ, "ಲೆದರ್ ಗಟ್ಟಿ ಇರುತ್ತೆ ಬೇಟಾ. ಪಳಗಿಸೋಕೆ ಒಂದೆರಡು ತಿಂಗಳು ಬೇಕು. ಹೊಸ ಸೊಸೆ ಇದ್ದಂಗೆ" ಎಂದರು.

"ನಮ್ಮೂರಲ್ಲಿ ಪಳಗೋದು ಅತ್ತೇನೇ" ಎಂದೆ. ಸಾಹೇಬರು ಏಣಿಯ ಮೇಲೆಯೇ ನಕ್ಕರು.

ಆರಿಸುವುದು ಹೇಗೆಂದು ಮಿಸ್ ಕಲಿಸಿದರು. ಚಿಕ್ಕ ಗ್ಲೌಸ್ ಒಳಗೆ ನಿಲ್ಲುವವರಿಗೆ. ಅವರು ಚೆಂಡನ್ನು ಹಿಡಿದ ಕೂಡಲೇ ತೆಗೆದು ಎಸೆಯಬೇಕು, ಚೆಂಡು ಕೂರುವ ಗುಂಡಿ ಆಳವಾಗಿದ್ದರೆ ಕೈಗೆ ಚೆಂಡು ಸಿಗುವುದಿಲ್ಲ. ಹಿಂದೆ ನಿಲ್ಲುವವಳಿಗೆ ಉದ್ದ ಬೆರಳಿನ, ಆಳ ಗುಂಡಿಯ ಗ್ಲೌಸ್ ಬೇಕು. ಓಡುತ್ತಾ ಕೈ ಚಾಚಿದಾಗ ಬೆರಳ ತುದಿಗೆ ಸಿಕ್ಕ ಚೆಂಡೂ ಉಳಿಯಬೇಕು. ಹಾಕಿಕೊಂಡು ಕೈ ಕೆಳಗೆ ಬಿಟ್ಟು ಜೋರಾಗಿ ಅಲ್ಲಾಡಿಸಿದರೆ ಜಾರಬಾರದು. ಬಲೆಯ ಹೆಣಿಗೆಯನ್ನು ಉಗುರಿನಿಂದ ಎಳೆದು ನೋಡಬೇಕು. ನಾನು ಆರು ನೋಡಿದೆ. ಎರಡು ಜಾರಿದವು, ಮೂರರ ಬಲೆ ಸಡಿಲ. ಆರನೆಯದು ಕಂದು ಬಣ್ಣದ್ದು, ಹಲಗೆಯಷ್ಟು ಗಟ್ಟಿ. ಕಿರುಬೆರಳಿನ ಹಿಂಭಾಗದಲ್ಲಿ ಎಲಚಿ ಬೀಜದಷ್ಟು ಕಪ್ಪು ಕಲೆ ಇತ್ತು.

"ಡ್ಯಾಮೇಜ್ ಇದೆ, ಬೇರೆ ನೋಡಮ್ಮ" ಎಂದರು ಸಾಹೇಬರು.

"ಡ್ಯಾಮೇಜ್ ಅಲ್ಲ, ಹಸು ಬದುಕಿದ್ದಾಗ ಆದ ಗಾಯ ಅದು. ಚರ್ಮಕ್ಕೇನೂ ಆಗಿಲ್ಲ" ಎಂದು ಮಿಸ್ ನನ್ನನ್ನು ಕೇಳಿದರು: "ಏನಂತೀಯ?"

"ಇದೇ ಮಿಸ್."

ವಾಪಸು ಬಸ್ಸಿನಲ್ಲಿ ಬರುವಾಗ ಗ್ಲೌಸ್ ನನ್ನ ತೊಡೆಯ ಮೇಲಿತ್ತು. ಸುಮ್ಮನೆ ಮಡಚಿ ಬಿಚ್ಚುತ್ತಾ ಬಂದೆ. ರಾಜಾನುಕುಂಟೆ ದಾಟುವಾಗ, ಯಾರಿಗೂ ಹೇಳದ ಒಂದು ಮಾತನ್ನು ಮಿಸ್‌ಗೆ ಹೇಳಿದೆ. ಹತ್ತನೇ ತರಗತಿ ಮುಗಿದ ಮೇಲೆ ಆಟ ನಿಲ್ಲಿಸಬೇಕೆಂದು ಮನೆಯಲ್ಲಿ ಮಾತು ನಡೆಯುತ್ತಿದೆ, ಆದರೆ ಜಿಲ್ಲಾ ತಂಡಕ್ಕೆ ಆಯ್ಕೆಯಾದರೆ ಅಪ್ಪ ಮನಸ್ಸು ಬದಲಾಯಿಸಬಹುದು ಎಂದು. "ಇದು ಯಾರಿಗೂ ಗೊತ್ತಾಗೋದು ಬೇಡ ಮಿಸ್. ನಿಲ್ಸೋಳು ಅಂತ ಗೊತ್ತಾದ್ರೆ ತಂಡಕ್ಕೇ ತಗೊಳಲ್ಲ" ಎಂದೆ.

"ಹುಚ್ಚಿ, ನಾನಿಲ್ವಾ?" ಎಂದು ಅವರು ನನ್ನ ಜಡೆ ಎಳೆದರು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಕಾರ್ಖಾನೆಯವರು ಬಂದು ಸಾಮಾನು ಒಪ್ಪಿಸಿದರು, ಫೋಟೋ ಆಯಿತು. ಆಮೇಲೆ ಗ್ಲೌಸ್ ಮುಖ್ಯೋಪಾಧ್ಯಾಯರ ಕೋಣೆಯ ಕಬ್ಬಿಣದ ಬೀರುವಿಗೆ ಹೋಯಿತು. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಶಾಲೆಯ ಸೂಕ್ಷ್ಮದರ್ಶಕ ಆ ಬೀರುವಿನಿಂದ ಹೊರಗೆ ಬಂದದ್ದನ್ನು ನಾನು ನೋಡಿಲ್ಲ. ಕೇರಂ ಬೋರ್ಡಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿಲ್ಲ. ನಮ್ಮ ಮನೆಯಲ್ಲೂ ಹಾಗೆಯೇ, ಅಮ್ಮನ ಒಳ್ಳೆಯ ಸ್ಟೀಲ್ ಪಾತ್ರೆಗಳೆಲ್ಲ ಅಟ್ಟದ ಮೇಲೆ, ಅಡುಗೆ ಸೊಟ್ಟ ಪಾತ್ರೆಯಲ್ಲಿ. ಹೊಸದನ್ನು ಬಳಸಿದರೆ ಹಾಳಾಗುತ್ತದೆ ಎಂಬುದು ನಾವೆಲ್ಲ ಒಪ್ಪಿಕೊಂಡ ಮಾತು.

ವಾರ ಕಳೆದ ಮೇಲೆ ಮಿಸ್ ಅವರನ್ನು ಕೇಳಿದೆ. "ಇನ್ನೂ ಸ್ಟಾಕ್ ಬುಕ್ಕಿಗೆ ಏರಿಸಿಲ್ಲ ಕಣೇ" ಎಂದರು. ಆಗಸ್ಟ್ ಮೊದಲ ವಾರ ಮತ್ತೆ ಕೇಳಿದೆ. "ಎಚ್.ಎಂ. ಕೊಡಲ್ಲ ಅಂತಾರೆ. ನಾನೇನ್ ಮಾಡ್ಲಿ ಹೇಳು?" ಸ್ವಾತಂತ್ರ್ಯ ದಿನ ಕಳೆದ ಮೇಲೂ ಅದೇ ಉತ್ತರ. ಲೆಫ್ಟ್ ಫೀಲ್ಡಿನಲ್ಲಿ ನಿಲ್ಲುವ ನನ್ನ ಗೆಳತಿಗೆ ಇದೊಂದು ತಮಾಷೆಯಾಯಿತು.

"ನಿನ್ ಗ್ಲೌಸು ದೊಡ್ಡೋಳಾಗವ್ಳಂತೆ ಕಣೇ. ಹದಿನಾರು ದಿನ ಹೊರಗ್ ಬಿಡಲ್ವಂತೆ."

"ತಿಂಗಳಾಯ್ತಲ್ಲೇ."

"ಹಂಗಾದ್ರೆ ಮದ್ವೆ ಮಾಡೇ ಕಳಿಸ್ತಾರೆ ಬಿಡು."

ನಾನೂ ನಕ್ಕೆ. ಒಳಗೆ ಮಾತ್ರ ಮುಖ್ಯೋಪಾಧ್ಯಾಯರ ಮೇಲೆ ಸಿಟ್ಟು ಬೆಳೆಯುತ್ತಾ ಹೋಯಿತು. ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರವನ್ನೂ ಹೇಳುತ್ತಿರಲಿಲ್ಲ. ಜಿಲ್ಲಾ ತಂಡದ ಆಯ್ಕೆ ಸೆಪ್ಟೆಂಬರಿನಲ್ಲಿತ್ತು, ಗ್ಲೌಸ್ ಪಳಗಲು ಬೇಕಾದ ದಿನಗಳು ಒಂದೊಂದಾಗಿ ಹೋಗುತ್ತಿದ್ದವು. ಆಯ್ಕೆಗೆ ವಾರವಿದೆ ಎನ್ನುವಾಗ ತಡೆಯಲಾಗದೆ ಅವರ ಕೋಣೆಗೇ ಹೋದೆ. ಅವರು ಊಟದ ಡಬ್ಬಿ ತೊಳೆದು ಒರೆಸುತ್ತಿದ್ದರು.

"ಸರ್, ಗ್ಲೌಸ್ ಕೊಡಿ ಸರ್. ಹಾಳು ಮಾಡಲ್ಲ."

"ಯಾವ ಗ್ಲೌಸವ್ವಾ?"

"ಬೀರುವಲ್ಲಿರೋದು. ನೀವು ಕೊಡಲ್ಲ ಅಂದ್ರಂತೆ."

ಅವರು ಡಬ್ಬಿ ಕೆಳಗಿಟ್ಟರು. "ನಾನ್ಯಾಕವ್ವಾ ಬೇಡ ಅನ್ಲಿ? ಆಡಕ್ಕೆ ತಾನೇ ತಂದಿದ್ದು? ಆಟದ ಸಾಮಾನಿನ ಕೀಲಿ ನಿಮ್ ಮಿಸ್ ಹತ್ರನೇ ಇರೋದು. ಹೋಗಿ ಇಸ್ಕೋ ಹೋಗು."

ಮೈದಾನಕ್ಕೆ ಓಡಿಹೋಗಿ ಮಿಸ್‌ಗೆ ಹೇಳಿದೆ. ಒಂದು ಕ್ಷಣ ಅವರು ನನ್ನನ್ನಲ್ಲ, ನನ್ನ ಹಿಂದಿನ ನೀಲಗಿರಿ ಮರಗಳನ್ನು ನೋಡಿದರು. "ಅವ್ರು ನಿನ್ ಮುಂದೆ ಹಂಗಂತಾರೆ, ನನ್ ಮುಂದೆ ಹಿಂಗಂತಾರೆ. ಬಿಡು, ಸೆಲೆಕ್ಷನ್ ದಿನ ನಾನೇ ತರ್ತೀನಿ" ಎಂದರು. ಮನೆಗೆ ಹೋಗುವ ದಾರಿಯುದ್ದಕ್ಕೂ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಯೋಚಿಸಿದೆ. ಅದು ಮುಖ್ಯೋಪಾಧ್ಯಾಯರೇ ಎಂದು ತೀರ್ಮಾನಿಸಿದೆ. ಬೇರೆ ತೀರ್ಮಾನ ನನಗೆ ಬೇಕಿರಲಿಲ್ಲ.

ಆಯ್ಕೆ ದೇವನಹಳ್ಳಿಯ ಒಂದು ಕಾಲೇಜು ಮೈದಾನದಲ್ಲಿ ನಡೆಯಿತು. ಮಿಸ್ ನೇರವಾಗಿ ಅಲ್ಲಿಗೇ ಬರುತ್ತೇನೆ ಎಂದಿದ್ದರಿಂದ ಗೆಳತಿಯೂ ನಾನೂ ಅವಳ ಅಣ್ಣನ ಜೊತೆ ಹೋದೆವು. ಹೋದಾಗ ಮಿಸ್ ಆಗಲೇ ಅಲ್ಲಿದ್ದರು. ನೀಲಿ ಟ್ರ್ಯಾಕ್ ಸೂಟ್ ಹಾಕಿದ ಹತ್ತು ಹನ್ನೆರಡು ಹುಡುಗಿಯರು ಅವರ ಸುತ್ತ ನಿಂತಿದ್ದರು, ಬೆನ್ನ ಮೇಲೆ ದೇವನಹಳ್ಳಿ ಕಡೆಯ ಒಂದು ಖಾಸಗಿ ಶಾಲೆಯ ಹೆಸರು. ಶನಿವಾರ ಭಾನುವಾರ ಮಿಸ್ ಅಲ್ಲಿ ಕೋಚ್ ಎಂಬುದು ನಮಗೆ ಗೊತ್ತಾದದ್ದು ಆಗಲೇ. ಅದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಗೆಳತಿ ನನ್ನ ತೋಳು ಹಿಂಡಿದಳು.

"ಲೇ, ನಿನ್ ಗ್ಲೌಸ್ ಕಣೇ ಅದು."

ಆ ಹುಡುಗಿಯರಲ್ಲೊಬ್ಬಳ ಎಡಗೈಯಲ್ಲಿ ಕಂದು ಗ್ಲೌಸ್ ಇತ್ತು. ಕಿರುಬೆರಳಿನ ಹಿಂದೆ ಕಪ್ಪು ಕಲೆ.

ನಮ್ಮ ಜಿಲ್ಲೆಯಲ್ಲಿ ಗ್ಲೌಸ್ ಎಲ್ಲ ಕಡೆಯೂ ಕಡಿಮೆ. ಅದಕ್ಕೆ ಆಡುವವರು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಸರದಿ ಬದಲಾದಾಗ, ಬ್ಯಾಟ್ ಮಾಡಲು ಒಳಗೆ ಹೋಗುವವರು ತಮ್ಮ ಗ್ಲೌಸನ್ನು ನಿಂತ ಜಾಗದಲ್ಲೇ ಹುಲ್ಲಿನ ಮೇಲೆ ಬಿಟ್ಟು ಹೋಗುತ್ತಾರೆ. ಅದೇ ಜಾಗಕ್ಕೆ ಬರುವ ಎದುರು ತಂಡದವರು ಅದನ್ನು ಹಾಕಿಕೊಳ್ಳುತ್ತಾರೆ. ಅಂದು ನಮ್ಮನ್ನು ಎರಡು ಗುಂಪು ಮಾಡಿದರು. ಎದುರು ಗುಂಪಿನ ಸೆಂಟರ್ ಫೀಲ್ಡಿನಲ್ಲಿ ನಿಂತವಳು ಅವಳೇ. ಸರದಿ ಬದಲಾಗಿ ನಾನು ಓಡಿ ಹೋದಾಗ ಅವಳು ಗ್ಲೌಸನ್ನು ನೆಲಕ್ಕೆ ಬಿಡದೆ ಕೈಗೇ ಕೊಟ್ಟಳು.

"ತಗೊಳ್ಳಿ ಅಕ್ಕ. ಸಕತ್ತಾಗಿ ಪಳಗಿದೆ. ನಮ್ ಮೇಡಂ ಜುಲೈಲೇ ತಂದ್ಕೊಟ್ಟಿದ್ದು."

ಅವಳ ಮುಖದಲ್ಲಿ ಕಪಟವಿರಲಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ.

ಕೈ ಹಾಕಿದೆ. ಒಳಗೆ ಬೆಚ್ಚಗೆ, ಬೆವರಿನ ತೇವ. ಹರಳೆಣ್ಣೆಯ ವಾಸನೆ. ಅವಳು ಉಂಗುರ ಬೆರಳನ್ನೂ ಕಿರುಬೆರಳನ್ನೂ ಗ್ಲೌಸಿನ ಕೊನೆಯ ಬೆರಳಗೂಡಿಗೇ ಸೇರಿಸಿ ಹಿಡಿಯುವವಳು ಎಂದು ಕಾಣುತ್ತದೆ. ಆ ಗೂಡು ಅಗಲವಾಗಿತ್ತು, ಅದರ ಪಕ್ಕದ್ದು ಚಪ್ಪಟೆಯಾಗಿತ್ತು. ಚೆಂಡು ಕೂರುವ ಗುಂಡಿ ನನ್ನ ಅಂಗೈ ಚೆಂಡಿಗೆ ಕಾಯುವ ಜಾಗದಲ್ಲಿರಲಿಲ್ಲ. ಅಂಗಡಿಯಲ್ಲಿ ಹಲಗೆಯಂತಿದ್ದ ಚರ್ಮ ಈಗ ಮುಷ್ಟಿ ಹಿಡಿದರೆ ತಾನೇ ಮುಚ್ಚಿಕೊಳ್ಳುತ್ತಿತ್ತು, ಇನ್ನೊಬ್ಬಳ ಕೈಯ ಅಳತೆಗೆ.

ಮೊದಲ ಚೆಂಡು ನೇರ ನನ್ನ ಮೇಲೆಯೇ ಬಂತು. ಗ್ಲೌಸಿನ ಬುಡಕ್ಕೆ ತಾಗಿ ಪುಟಿದು ಬಿತ್ತು. ಎರಡನೆಯದು ಬಲಕ್ಕೆ, ಓಡಿ ಎರಡೂ ಕೈ ಸೇರಿಸಿ ಹಿಡಿದೆ. ಮೂರನೆಯದನ್ನೂ ಹಾಗೆಯೇ. ಆಮೇಲೆ ನನ್ನ ಕಡೆಗೆ ಚೆಂಡು ಬರಲಿಲ್ಲ.

ಮಧ್ಯಾಹ್ನ ಹೆಸರು ಓದಿದರು. ಸೆಂಟರ್ ಫೀಲ್ಡಿಗೆ ಅವಳು. ಮೀಸಲು ಆಟಗಾರ್ತಿಯರಲ್ಲಿ ನಾನು.

ನೀರಿನ ಡ್ರಮ್ಮಿನ ಹತ್ತಿರ ಮಿಸ್ ತಾವೇ ಬಂದರು. "ರಿಸರ್ವ್ ಅಂದ್ರೆ ಕಡಿಮೆಯೇನಲ್ಲ" ಎಂದರು.

"ಕೀಲಿ ನಿಮ್ಮ ಹತ್ರನೇ ಇತ್ತಾ ಮಿಸ್?"

ಅವರು ಲೋಟ ತುಂಬಿಸಿಕೊಂಡರು. ಕುಡಿಯಲಿಲ್ಲ. "ನೋಡು, ಗ್ಲೌಸು ಒಂದೇ ಒಂದು. ಅವ್ಳು ಇನ್ನೂ ಒಂಬತ್ತನೇ ಕ್ಲಾಸು. ಅವ್ಳ ಮನೇಲಿ ಆಡಿಸ್ತಾರೆ, ಸ್ಟೇಟಿಗೆ ಹೋಗ್ತಾಳೆ. ನೀನೇ ಹೇಳಿದ್ಯಲ್ಲ, ಹತ್ತನೇದಾದ್ಮೇಲೆ ನಿಲ್ಲಿಸ್ತಾರೆ ಅಂತ. ಪಳಗಿಸಿ ಪಳಗಿಸಿ ಮೂಲೆಗಿಡೋಕೆ ಯಾಕೆ?"

ಬಸ್ಸಿನಲ್ಲಿ ನಾನು ಹೇಳಿದ ಮಾತನ್ನು ಅವರು ಮರೆತಿರಲಿಲ್ಲ. ಯಾರಿಗೂ ಗೊತ್ತಾಗಬಾರದೆಂದು ನಂಬಿ ಹೇಳಿದ ಆ ಮಾತನ್ನೇ ಇಟ್ಟುಕೊಂಡು, ನನ್ನನ್ನು ಆಗಲೇ ಆಟದಿಂದ ಬಿಡಿಸಿ ಆಗಿತ್ತು. ಮನೆಯವರು ತೀರ್ಮಾನ ಮಾಡುವ ಮೊದಲೇ.

"ಈಗ ಅವ್ಳು ತನ್ದೇ ಒಂದು ತರಿಸ್ಕೋತಾಳಂತೆ. ಇದನ್ನ ನೀನೇ ಇಟ್ಕೋ. ನಿಂಗೋಸ್ಕರನೇ ಪಳಗಿಸ್ದಂಗಾಯ್ತು" ಎಂದು ಗ್ಲೌಸ್ ಮುಂದೆ ಹಿಡಿದರು.

"ಬೇಡ ಮಿಸ್. ಅದು ಅವ್ಳ ಕೈಗೆ ಕೂತಿದೆ" ಎಂದೆ. ಜೊತೆಗೆ ತಂದಿದ್ದ ನಮ್ಮ ಶಾಲೆಯ ಹಳೆಯ ಗ್ಲೌಸನ್ನು ಚೀಲಕ್ಕೆ ಹಾಕಿಕೊಂಡು ಗೆಳತಿಯ ಜೊತೆ ಹೊರಟೆ. ಅವರು ಹಿಂದಿನಿಂದ ಎರಡು ಸಲ ಕರೆದರು. ಗೆಳತಿ ತಿರುಗಿ ನೋಡಿದಳು, ನಾನು ನೋಡಲಿಲ್ಲ.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಗಾಡಿ ಒರೆಸುತ್ತಿದ್ದರು. ಅಮ್ಮ ಆಗಷ್ಟೇ ಗಾರ್ಮೆಂಟ್ಸಿನಿಂದ ಬಂದು ಅಕ್ಕಿ ಆರಿಸುತ್ತಾ ಕೂತಿದ್ದರು. ಮೀಸಲಿನಲ್ಲಿ ಇದ್ದೇನೆ, ಸೋಮವಾರದಿಂದ ದೇವನಹಳ್ಳಿಯಲ್ಲಿ ಅಭ್ಯಾಸ ಎಂದೆ.

"ಮಿಸ್ ಇರ್ತಾರಾ?" ಎಂದರು ಅಪ್ಪ.

ಇರುತ್ತಾರೆ ಎಂದಷ್ಟೇ ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರ ಹೆಸರಿನಲ್ಲಿ ಇನ್ನೊಂದು ದಿನವೂ ಮನೆಯಿಂದ ಹೊರಡಲು ನನಗೆ ಮನಸ್ಸಿರಲಿಲ್ಲ.

"ಇರ್ತಾರೆ ಅಪ್ಪ. ಅವ್ರ ಜೊತೆ ನಾನು ಹೋಗಲ್ಲ. ಒಬ್ಳೇ ಹೋಗಿ ಬರ್ತೀನಿ."

ಅಪ್ಪ ಬಟ್ಟೆ ಹಿಂಡಿ, ನನ್ನ ಮುಖ ನೋಡಿ, ಆಮೇಲೆ ಅಮ್ಮನ ಮುಖ ನೋಡಿದರು. ಏನಾಯಿತೆಂದು ಇಬ್ಬರೂ ಕೇಳಲಿಲ್ಲ. ಮೊರದಲ್ಲಿನ ಕಲ್ಲೊಂದನ್ನು ಹೆಕ್ಕಿ ಆಚೆ ಎಸೆದು ಅಮ್ಮ ಹೇಳಿದರು:

"ಆರು ಗಂಟೆ ಬಸ್ಸಿಗೆ ಹೋಗು. ಏಳರದ್ರಲ್ಲಿ ಕಾಲಿಡೋಕೂ ಜಾಗ ಇರಲ್ಲ."