ಐದೂವರೆಯ ಹಾರ್ನು

ಗಿರಿಜಕ್ಕನಿಗೆ ನಾನು ಸುಳ್ಳು ಹೇಳಿದೆ. ತೀರಿಹೋದ ಗಂಡನ ಹೆಸರಿನಲ್ಲಿ ಅವರನ್ನು ಹೆದರಿಸಿ, ಅವರ ಕಾರನ್ನು ನನ್ನದಾಗಿಸಿಕೊಂಡೆ.

ಹಳೆಯ ಬ್ರಿಟಿಷ್ ಕಾರುಗಳ ಹುಚ್ಚು ನನಗೆ ಮೀಸೆ ಮೂಡುವ ಮೊದಲೇ ಹತ್ತಿತ್ತು. ದಾವಣಗೆರೆಯ ಎಸ್.ಎಸ್. ಬಡಾವಣೆಯ ನನ್ನ ಶೆಡ್ಡಿನಲ್ಲಿ ಒಂದು ಆಸ್ಟಿನ್, ಒಂದು ಹಿಲ್‌ಮನ್ ಇದ್ದವು; ಎರಡನ್ನೂ ಗುಜರಿಯಿಂದ ತಂದು ಕೈಯಾರೆ ಓಡುವಂತೆ ಮಾಡಿದ್ದೆ. ಆದರೆ ಕಣ್ಣಿದ್ದದ್ದು ಹರಿಹರದ ಗೆಳೆಯ ರುದ್ರಪ್ಪನವರ ಕಪ್ಪು ಮಾರಿಸ್ ಮೈನರ್ ಮೇಲೆ. ಇರುವತನಕ ಅವರು ಕೊಡಲಿಲ್ಲ. ಎದೆನೋವಿನಿಂದ ಹೋದ ಮೇಲೆ ಹೆಂಡತಿ ಗಿರಿಜಕ್ಕನೂ ಕೊಡಲಿಲ್ಲ. ನಾನು ವಾರಕ್ಕೊಮ್ಮೆ ಹೋಗಿ, ಎಂಜಿನ್ ಚಾಲೂ ಮಾಡಿ, ಬ್ಯಾಟರಿ ಇಳಿಯದಂತೆ ನೋಡಿಕೊಂಡು ಬರುತ್ತಿದ್ದೆ.

ಒಂದು ಸಲ ಅವರೇ ಹೇಳಿದರು — ನಾಚುತ್ತ, ಹೊಸ ಮದುಮಗಳ ಹಾಗೆ.

"ದಿನಾ ಸಂಜಿ ಐದೂವರೆಗೆ ಗಾಡಿ ತಾನಾಗೇ ಹಾರ್ನ್ ಹೊಡಿತೈತೆ ಅಣ್ಣಾರ. ಅವ್ರು ಮನಿಗೆ ಬರೋ ಹೊತ್ತು. ನಾ ಚಾ ಇಡ್ತೀನಿ, ಎರಡು ಲೋಟ."

ಸ್ಟೇರಿಂಗ್ ಕೊಳವೆಯೊಳಗೆ ಹಾರ್ನಿನ ವೈರು ಸವೆದಿತ್ತು. ಸಂಜೆ ಅವರ ಮನೆಯ ತಗಡಿನ ಶೆಡ್ಡು ತಣಿದಾಗ ಅದು ಕಬ್ಬಿಣಕ್ಕೆ ತಾಗಿ ಹಾರ್ನು ಕೂಗುತ್ತಿತ್ತು, ಅಷ್ಟೇ. ನೋಡಿದ ಕೂಡಲೇ ನನಗೆ ತಿಳಿಯಿತು. ಹೇಳಬಹುದಿತ್ತು — ಇಲ್ಲ, ಸುಮ್ಮನಿದ್ದಿದ್ದರೂ ಸಾಕಿತ್ತು. ನಾನು ಅಂದದ್ದು ಇದು:

"ಅಕ್ಕಾರ, ಇದು ಒಳ್ಳೇದಲ್ಲ. ಅವ್ರ ಜೀವ ಗಾಡಿಯಾಗೆ ಸಿಕ್ಕಂಡು ಒದ್ದಾಡ್ತೈತೆ. ಮನ್ಯಾಗೆ ಇಟ್ಕಬ್ಯಾಡ್ರಿ."

ಅವರ ಮುಖ ಕಪ್ಪಿಟ್ಟದ್ದನ್ನು ಕಂಡೆ. ಕಂಡೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಮರುದಿನ ಗಾಡಿ ನನ್ನ ಶೆಡ್ಡಿನಲ್ಲಿತ್ತು.

ತಿಂಗಳು ಬಿಟ್ಟು ಅವರನ್ನು ನೋಡಲು ಹೋದೆ. ಸಂಜೆ ಐದು ದಾಟಿತ್ತು, ಹೊರಗೆ ಇನ್ನೂ ಬಿಸಿಲು. ಅವರು ಕಿಟಕಿಗಳನ್ನೆಲ್ಲ ಮುಚ್ಚಿ ಕೂತಿದ್ದರು. ನನ್ನನ್ನು ಒಳಗೆ ಕರೆದವರೇ ಬಾಗಿಲಿಗೆ ಅಗುಳಿ ಹಾಕಿದರು.

"ಗಾಡಿ ಹೋತು. ಈಗ ಬಾಗ್ಲಿಗೇ ಬರ್ತಾರೆ," ಎಂದರು.

ನಗಬೇಕೆಂದಿದ್ದೆ. ಅಷ್ಟರಲ್ಲಿ — ಬಾಗಿಲು ಬಡಿದ ಸದ್ದು. ಮೂರು ಸಲ, ಮೆಲ್ಲಗೆ, ಮನೆಯವರೇ ಬಡಿಯುವ ಹಾಗೆ. ಗಿರಿಜಕ್ಕ ನನ್ನ ತೋಳು ಹಿಡಿದುಕೊಂಡರು.

"ತೆಗಿಬ್ಯಾಡ್ರಿ."

ಪಕ್ಕದ ಮನೆಯವರಿರಬಹುದು. ಗಾಳಿಯಿರಬಹುದು. ದೆವ್ವದ ಮಾತು ನಾನೇ ಕಟ್ಟಿದ ಸುಳ್ಳೆಂದು ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ — ಆದರೂ ಎದ್ದು ತೆಗೆಯಲಿಲ್ಲ.

ಆಮೇಲೆ ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಮಾರಿಸ್‌ಗೆ ಹೊಸ ವೈರು ಎಳೆದೆ, ಬಣ್ಣ ಹೊಡೆಸಿದೆ, ಮದುವೆ ಮೆರವಣಿಗೆಗಳಿಗೆ ಒಯ್ದು ಹೊಗಳಿಸಿಕೊಂಡೆ. ಒಬ್ಬನೇ ಅದರೊಳಗೆ ಕೂರಲು ಮಾತ್ರ ಆಗಲಿಲ್ಲ. ಪಕ್ಕದ ಸೀಟು ಖಾಲಿ ಇದೆ ಎಂದು ಅನ್ನಿಸುತ್ತಲೇ ಇರಲಿಲ್ಲ.

ಹೋದ ವಾರ ಹರಿಹರಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ವೈರಿನ ವಿಷಯ, ನನ್ನ ಆಸೆ, ನನ್ನ ಸುಳ್ಳು. ಬೈಯುತ್ತಾರೆಂದು ಕಾದೆ. ಗಿರಿಜಕ್ಕ ಬಾಗಿಲ ಕಡೆ ನೋಡಿದರು.

"ಹೋದ ವರ್ಷದಿಂದ ಬಡಿಯೋದು ನಿಂತೈತೆ. ನಾ ಒಂದ್ಸಲನೂ ಬಾಗ್ಲು ತೆಗಿಲಿಲ್ಲ. ಬಂದು ಬಂದು ಸಾಕಾಗಿ ಹೋದ್ರೇನೋ. ಈಗ ಹೇಳ್ತೀರಲ್ಲ ಅಣ್ಣಾರ..."

ಗಾಡಿಯನ್ನು ಮರಳಿ ತಂದು ನಿಲ್ಲಿಸುತ್ತೇನೆ ಎಂದೆ. ಸೋಮವಾರ ಒಯ್ಯುತ್ತೇನೆ — ಒಬ್ಬನೇ ಕೂತು, ಓಡಿಸಿಕೊಂಡು.